ಮೇಜರ್ ವಿಂಕೊನ ಪ್ರಮಾಣಗಳು

ಪ್ರಭಾ ತನ್ನ ಮಾವ ವಿಂಕೊನ ಶವಪೆಟ್ಟಿಗೆಯ ಮೇಲಿನ ಬಾವುಟವನ್ನು ಅರ್ಧ ಎಳೆದಿದ್ದಳು. ಅಷ್ಟರಲ್ಲಿ ಗಂಡ ತೋಮೊ ಬಂದು ಅವಳ ಕೈ ಹಿಡಿದ.

"ಬಿಡು. ನಮ್ಮ ಕ್ರೊಯೇಷಿಯಾ ಸಂಘದವರು ಹೊದಿಸಿದ್ದು."

"ಬೇಡ ಅಂತ ಮಾವ ಹೇಳಿದ್ರು. ಆಗಲಿ ಅಂತ ಮಾತು ಕೊಟ್ಟವನು ನೀನೇ."

"ಪೆಟ್ಟಿಗೆ ಹೊರೋರೂ ಅವರೇ, ಪ್ರಭಾ. ನಮಗೆ ಇನ್ಯಾರಿದ್ದಾರೆ?"

ಸ್ಯಾನ್ ಹೊಸೆಯ ಆ ಚರ್ಚಿನಲ್ಲಿ ಅವಳ ಕಡೆಯವನೆಂದರೆ ಪಾಲೋ ಆಲ್ಟೋದಿಂದ ಬಂದಿದ್ದ ಅಣ್ಣ ಶ್ರೀಕಂಠ ಒಬ್ಬನೇ.

"ಸುಮ್ನಿರೇ. ಅದು ಅವ್ರ ಕಮ್ಯುನಿಟಿ ಮ್ಯಾಟರು, ನಮಗ್ಯಾಕೆ?" ಎಂದು ಅವನು ತಂಗಿಯನ್ನು ಕೂರಿಸಿದ.

*

ಸಾವಿರದ ಒಂಬೈನೂರ ಎಂಬತ್ತಮೂರರ ಚಳಿಗಾಲದಲ್ಲಿ, ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಾ ಮಾವ ಎಲ್ಲವನ್ನೂ ಹೇಳಿದ್ದರು. ಹದಿನೆಂಟರ ಹರೆಯದಲ್ಲಿ ಆಸ್ಟ್ರಿಯಾದ ಚಕ್ರವರ್ತಿಗೆ ನಿಷ್ಠೆಯ ಪ್ರಮಾಣ ಮಾಡಿದರು, ಸಾಮ್ರಾಜ್ಯವೇ ಮುಳುಗಿತು. ಆಮೇಲೆ ಯುಗೊಸ್ಲಾವಿಯದ ರಾಜನಿಗೆ. ಜರ್ಮನರು ನುಗ್ಗಿದಾಗ ರಾಜ ದೇಶ ಬಿಟ್ಟ. ಅವರು ಕೂರಿಸಿದ ಹೊಸ ಕ್ರೊಯೇಷಿಯಾ ಸರ್ಕಾರ ಅದೇ ಬ್ಯಾರಕ್ಕಿನಲ್ಲಿ ಅವರನ್ನು ಮೇಜರ್ ಮಾಡಿತು. ಸೋಲು ಹತ್ತಿರವಾದಾಗ ಅದರ ನಾಯಕರೂ ಪರಾರಿಯಾದರು. ಆಗ ಎದುರಿಗೆ ಬಂದು ನಿಂತ ಕಮ್ಯುನಿಸ್ಟ್ ಕಮಾಂಡರ್ ಅವರ ಕೈಯಲ್ಲೇ ಕಲಿತವನು.

"ಗುರುಗಳೇ, ಬಂದೂಕು ಕೆಳಗಿಡಿಸಿ. ನಿಮ್ಮ ಹುಡುಗರನ್ನೆಲ್ಲ ಮನೆಗೆ ಕಳಿಸ್ತೀನಿ," ಎಂದ.

ಮಾವ ಇಡಿಸಿದರು. ಕಮಾಂಡರನ ಕಡೆಯವರು ಹುಡುಗರನ್ನು ಕಾಡಿನ ಕಡೆ ನಡೆಸಿಕೊಂಡು ಹೋದರು; ಒಬ್ಬನೂ ಮರಳಲಿಲ್ಲ. ಮಾವನಿಗೆ ಮಾತ್ರ ಹೊಸ ಸಮವಸ್ತ್ರ, ಹೊಸ ಪ್ರಮಾಣ. ಕೆಲಕಾಲ ಅದನ್ನು ತೊಟ್ಟು, ಕೊನೆಗೆ ಹೆಂಡತಿ ಮಗುವಿನೊಂದಿಗೆ ಗಡಿ ದಾಟಿದರು.

"ನಂಬಿದ್ದು ನಾನು, ಸತ್ತಿದ್ದು ಅವರು. ನನ್ನ ಮೇಲೆ ಯಾರ ಬಾವುಟವೂ ಬೇಡ," ಎಂದಿದ್ದರು.

*

"ನಮ್ಮ ಮೇಜರ್ ಕೊನೆಯ ಗುಂಡಿನವರೆಗೂ ಕಾದಾಡಿದರು!" ಸಂಘದ ಅಧ್ಯಕ್ಷರ ದನಿ ಏರಿತು. "ಶತ್ರುವಿಗೆ ಎಂದೂ ಶರಣಾಗಲಿಲ್ಲ!"

ತೋಮೊ ತಲೆ ಎತ್ತಲಿಲ್ಲ. ಪ್ರಭಾ ಎದ್ದು ನಿಂತಳು.

"ಸುಳ್ಳು. ಬಂದೂಕು ಕೆಳಗಿಡಿ ಅಂತ ಹೇಳಿದ್ದು ಅವರೇ. ಆ ಹುಡುಗರಿಗೋಸ್ಕರ ಸಾಯೋವರೆಗೂ ಅತ್ತರು."

ಅಧ್ಯಕ್ಷರು ಪೆಟ್ಟಿಗೆಯ ಬಳಿಗೆ ಬಂದರು. ಬಾವುಟ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರನಡೆದರು. ಹೊರಲು ಬಂದಿದ್ದವರೂ ಹಿಂದೆಯೇ ಹೋದರು. ಬೆಂಚುಗಳು ಖಾಲಿಯಾದವು.

ಹಿಂದಿನ ಸಾಲಿನಲ್ಲಿ ಒಬ್ಬಳು ಮುದುಕಿ ಮಾತ್ರ ಉಳಿದಳು. ಯೆಲ್ಕಾ, ಆ ಹುಡುಗರಲ್ಲಿ ಒಬ್ಬನ ಅಕ್ಕ. ಇದೇ ಊರಿನಲ್ಲಿದ್ದೂ ಮಾವನ ಜೊತೆ ಎಂದೂ ಮಾತಾಡಿದವಳಲ್ಲ.

"ಬಂದೂಕು ಇಡಿಸಿದ್ದು ತಾನೇ ಅಂತ ಹೇಳಿದನಾ?" ಎಂದು ಕೇಳಿದಳು.

"ಹೌದು."

"ಅತ್ತನಾ?"

ಪ್ರಭಾ ಹೌದೆಂಬಂತೆ ತಲೆಯಾಡಿಸಿದಳು.

ತೋಮೊ ಪೆಟ್ಟಿಗೆಯ ಮುಂದಿನ ಹಿಡಿಕೆ ಹಿಡಿದ. ಶ್ರೀಕಂಠ ಕೋಟು ಕಳಚಿ ಬೆಂಚಿನ ಮೇಲೆಸೆದು ಅವನ ಪಕ್ಕಕ್ಕೆ ಬಂದ. ಹಿಂದಿನದನ್ನು ಪ್ರಭಾ ಹಿಡಿದಳು. ಎತ್ತಿದರೆ ಪೆಟ್ಟಿಗೆ ಒಂದು ಕಡೆಗೆ ವಾಲಿತು. ಯೆಲ್ಕಾ ಕೈಚೀಲವನ್ನು ಮೊಣಕೈಗೇರಿಸಿ, ಖಾಲಿ ಉಳಿದಿದ್ದ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಳು.