ಮೂರು ಸಾಲು ಕತ್ತರಿಸಿಕೊಂಡ ನಾನು

ನಾನು ಒಂದು ಗದ್ಯಭಾಗ. ಪರೀಕ್ಷೆಯಲ್ಲಿ 'ಕೆಳಗಿನ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ' ಎಂದು ಬರುತ್ತದಲ್ಲ, ಆ ಪೈಕಿ. ನೀವೂ ಚಿಕ್ಕಂದಿನಲ್ಲಿ ನನ್ನಂಥವರನ್ನು ಅರ್ಧ ಓದಿ, ಬೇಕಾದ ಸಾಲನ್ನಷ್ಟೇ ಎತ್ತಿಕೊಂಡು ಓಡಿದ್ದೀರಿ. ಅದಕ್ಕೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಒಬ್ಬರ ಮೇಲೆ.

ಗದಗಿನ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಹುಟ್ಟಿದೆ. ಹೆತ್ತವನು ಅಲ್ಲಿನ ಸಿಪಾಯಿ ದುರಗಪ್ಪ. ಓದಿದ್ದು ಏಳನೆಯ ಇಯತ್ತೆ. ಹಳೆಯ ಹಾಜರಿ ಹಾಳೆಯ ಬೆನ್ನಿನ ಮೇಲೆ, ತುಟಿ ಅಲ್ಲಾಡಿಸುತ್ತ, ನಾಲ್ಕು ದಿನ ಕೂತು ನನ್ನನ್ನು ಬರೆದ. ಶಾಲೆಯ ಅಂಗಳದಲ್ಲಿ ಅವನೇ ನೆಟ್ಟು ಬೆಳೆಸಿದ ಬೇವಿನ ಮರವಿತ್ತು. ಗಂಟೆಯನ್ನು ಅದಕ್ಕೇ ಕಟ್ಟಿದ್ದ. ಬೇಸಿಗೆ ರಜೆಯಲ್ಲಿ ಹೆಡ್ ಮಾಸ್ತರು ಹಂಪಿಹೊಳಿ ಸರ್ ತಮ್ಮ ಸನ್ಮಾನದ ವೇದಿಕೆಗೆ ಅಡ್ಡ ಬರುತ್ತದೆಂದು ಅದನ್ನು ಕಡಿಸಿದರು. ಊರವರು ಕೇಳಿದಾಗ, ತಾವು ಊರಲ್ಲಿರಲಿಲ್ಲ, ಸಿಪಾಯಿ ಕಟ್ಟಿಗೆ ಅಡ್ಡೆಗೆ ಮಾರಿಕೊಂಡಿದ್ದಾನೆ ಎಂದುಬಿಟ್ಟರು. ಅಂದಿನಿಂದ ಅವನ ಹೆಸರು 'ಮರ ಮಾರಿದ ದುರಗ್ಯಾ' ಎಂದಾಯಿತು. ಮಗಳ ಮದುವೆಯ ಮಾತುಕತೆಯಲ್ಲೂ ಬೀಗರು ಅದನ್ನೇ ಎತ್ತಿದರು.

ಬಾಯಿ ಮಾಡಿ ಜಗಳ ಆಡಲು ಅವನಿಗೆ ಬರುತ್ತಿರಲಿಲ್ಲ. ಆದ್ದರಿಂದ ನನ್ನನ್ನು ಬರೆದು ಶಾಲೆಯ ಗೋಡೆ ಪತ್ರಿಕೆಗೆ ಅಂಟಿಸಿದ. ಆಗ ನನಗೆ ಹದಿನೇಳು ಸಾಲು. ಕೊನೆಯ ಮೂರರಲ್ಲಿ, ಮರ ಮಾರಿದವನು ತಾನಲ್ಲ, ಕಡಿಸಿದವರು ದೊಡ್ಡ ಸರ್ ಎಂದು ನೇರವಾಗಿಯೇ ಬರೆದಿದ್ದ. ಪ್ರಾರ್ಥನೆ ಮುಗಿಯುವುದರೊಳಗೆ ಹಂಪಿಹೊಳಿ ಸರ್ ನನ್ನನ್ನು ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಂಡರು. ಯಾರೂ ಓದಲಿಲ್ಲ.

ಎಂಟು ವರ್ಷ ಅವರ ಮನೆಯ ಕಪಾಟಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿದ್ದೆ. ನಿವೃತ್ತರಾದ ಮೇಲೆ ಅವರು ಹತ್ತನೆಯ ತರಗತಿಗೆ ಗೈಡು ಬರೆಯಲು ಕೂತರು. ಗೈಡು ಬರೆಯುವವರದು ಒಂದು ರೂಢಿ: ಪುಟದಲ್ಲಿ ಅರ್ಧ ಜಾಗ ಉಳಿದರೆ ಅದಕ್ಕೆ ಸರಿಹೊಂದುವ ಗದ್ಯ ಹುಡುಕುತ್ತಾರೆ, ಉದ್ದವಾದರೆ ಬಾಲ ಕತ್ತರಿಸುತ್ತಾರೆ. ಪರಿಸರದ ಮೇಲೊಂದು ಬೇಕಿತ್ತು. ಹೊಸದಾಗಿ ಬರೆಯಲು ಬೇಸರ. ನನ್ನನ್ನು ತೆಗೆದು, ಬ್ಲೇಡಿನಿಂದ ಕೊನೆಯ ಮೂರು ಸಾಲು ಕೊಯ್ದು, ಬರೆದವನ ಹೆಸರನ್ನೂ ಬಿಟ್ಟು ಪ್ರೆಸ್ಸಿಗೆ ಕಳಿಸಿದರು. ಕೆಳಗೆ ಪ್ರಶ್ನೆ: 'ಲೇಖಕರ ಮುಖ್ಯ ಉದ್ದೇಶವೇನು?' ಅದರ ಕೆಳಗೆ ಅವರದೇ ಉತ್ತರ: 'ಬೇವಿನ ಔಷಧೀಯ ಗುಣಗಳನ್ನು ತಿಳಿಸುವುದು.'

ಮೂರು ವರ್ಷ ಸಾವಿರಾರು ಮಕ್ಕಳು ಅದನ್ನೇ ಬಾಯಿಪಾಠ ಮಾಡಿದರು. ಒಂದೊಂದು ಸಲ ಓದಿದಾಗಲೂ ನಾನು ಹಲ್ಲು ಕಡಿದೆ. ನನ್ನನ್ನು ಸುಟ್ಟಿದ್ದರೆ ಇಷ್ಟು ಹಗೆ ಹುಟ್ಟುತ್ತಿರಲಿಲ್ಲ. ನನ್ನ ಮೈಯನ್ನೇ ತಮ್ಮ ಸುಳ್ಳಿಗೆ ಸಾಕ್ಷಿ ಮಾಡಿಕೊಂಡರಲ್ಲ.

ಮೂರನೆಯ ವರ್ಷ ಪರೀಕ್ಷೆಗೆ ಮುಂಚೆ ಅದೇ ಹೈಸ್ಕೂಲಿನವರು ವಿಶೇಷ ತರಗತಿಗೆ ಅವರನ್ನೇ ಕರೆಸಿದರು. ಮಕ್ಕಳು ಹೊಸಬರು, ಕನ್ನಡದ ಶಾಹೀನ್ ಟೀಚರೂ ಹೊಸಬರು. ಆ ಮರ ಅವರ್ಯಾರಿಗೂ ಗೊತ್ತಿಲ್ಲ. ಸರ್ ಗೈಡು ಬಿಡಿಸಿ ನನ್ನನ್ನು ಗಟ್ಟಿಯಾಗಿ ಓದಿ, ಉದ್ದೇಶ ಬರೆಸತೊಡಗಿದರು. ಎರಡನೆಯ ಸಾಲಿನ ಹುಡುಗಿ ಸುಮಿತ್ರಾ ಬಾರಕೇರ ಬರೆಯದೆ ಎದ್ದು ನಿಂತಳು.

"ಸರ್, ಔಷಧದ ಮಾತು ಒಂದ ಸಾಲ ಐತ್ರಿ. ಉಳದಿದ್ದೆಲ್ಲಾ ನೆರಳಿಗೆ ಯಾರ್ಯಾರು ಬಂದು ಕೂತರು ಅಂತ ಐತಿ. ಬಳಿ ಮಾರಾಕಿ ಬಂದಾಳ, ಆಡು ಬಂದಾವ, ಇನ್ಸ್‌ಪೆಕ್ಟರ್ ಸಾಹೇಬ್ರೂ ಬಂದಾರ. ಗಂಟಿ ಕಟ್ಯಾರಂದ್ರ ಅದು ಸಾಲಿ ಮರ. ಮತ್ತ ಹೆಡ್ ಮಾಸ್ತರ್ ಒಬ್ಬರ ಯಾಕ ಇಲ್ರಿ? ಬರದವರು ಅವರನ್ನ ಬೇಕಂತ ಬಿಟ್ಟಾರ ಅನಸ್ತೈತಿ. ಅವರ ಮ್ಯಾಲೆ ಏನೋ ಸಿಟ್ಟೈತಿ. ಉದ್ದೇಶ ಅದ ಇರಬೇಕ್ರಿ."

ಹಿಂದಿನ ಬೆಂಚಿನವರು ಕಿಸಕ್ಕೆಂದರು. ಹಂಪಿಹೊಳಿ ಸರ್ ಮುಖ ಕಪ್ಪಿಟ್ಟಿತು.

"ಮರ ನಾ ಕಡಿಸೇನಿ ಅಂತ ಅದರಾಗ ಎಲ್ಲಿ ಬರದಾನ ಅಂವಾ? ತೋರಸು."

ಶಾಹೀನ್ ಟೀಚರು ಗೈಡನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಮೆಲ್ಲಗೆ ಕೇಳಿದರು: "ಮರ ಕಡದಾರ ಅನ್ನೋದ ಇದರಾಗ ಇಲ್ಲಲ್ರೀ, ಸರ್. ಅಂವಾ ಅಂದ್ರ ಯಾರು?"

ನನ್ನ ಕತ್ತರಿಸಿದ ಮೂರು ಸಾಲನ್ನು ಹಂಪಿಹೊಳಿ ಸರ್ ಬಾಯೇ ಹೇಳಿತ್ತು. ಸಂಜೆಯೊಳಗೆ ನಲವತ್ತು ಮಕ್ಕಳು ನಲವತ್ತು ಮನೆಗೆ ಅದನ್ನು ಮುಟ್ಟಿಸಿದರು.

ಮರುದಿನ ಸರ್ ನಾನಿದ್ದ ಗೈಡನ್ನು ಕಂಕುಳಲ್ಲಿ ಇಟ್ಟುಕೊಂಡು ದುರಗಪ್ಪನ ಮನೆಗೆ ಹೋದರು. ಮುಂದಿನ ಮುದ್ರಣದಲ್ಲಿ ಅವನ ಹೆಸರು ಹಾಕಿಸುತ್ತೇನೆ, ಇಲ್ಲಿಗೆ ಬಿಟ್ಟುಬಿಡು ಎಂದರು. ಅವನು ಒಳಗೆ ಬನ್ನಿ ಎನ್ನಲಿಲ್ಲ. ಹೆಂಡತಿಗೆ ಕೂಗಿ ಹೇಳಿದ:

"ಕುರ್ಚಿ ಅಂಗಳದಾಗ ಬಿಸಲಿಗೆ ಹಾಕ. ಸರ್‌ಗೆ ನೆರಳು ಆಗಿಬರಂಗಿಲ್ಲ."

ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಸರ್ ಕೂತರು, ಬೆವೆತರು, ಎದ್ದುಹೋದರು. ಅವರ ಕಂಕುಳಿನ ಬೆವರಿನಲ್ಲಿ ಗೈಡಿನ ರಟ್ಟು ತೊಯ್ದಿತು. ಅಷ್ಟು ಸುಖವನ್ನು ನಾನು ಯಾವತ್ತೂ ಪಟ್ಟಿರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಆ ಗೈಡನ್ನು ಯಾರೂ ಕೊಳ್ಳುವುದಿಲ್ಲ. ರದ್ದಿಗೆ ಬಿದ್ದು ಮಿರ್ಚಿ ಅಂಗಡಿಯ ಮೂಲೆ ಸೇರಿದ್ದೇನೆ. ಎಲ್ಲವನ್ನೂ ಕ್ಷಮಿಸಿದ್ದೇನೆ ಎಂದರೆ ಮುಪ್ಪಿಗೆ ಚೆಂದ ಕಾಣುತ್ತಿತ್ತೇನೋ. ಕ್ಷಮಿಸಿಲ್ಲ. ಅಂಗಡಿಯವ್ವ ಒಳಗಿನ ಹಾಳೆಗಳನ್ನು ಪೊಟ್ಟಣಕ್ಕೆ ಹರಿಯುತ್ತಾಳೆ, ರಟ್ಟುಗಳನ್ನು ಒಲೆ ಹೊತ್ತಿಸಲು ಇಡುತ್ತಾಳೆ. ರಟ್ಟಿನ ಮೇಲೆ ಹಂಪಿಹೊಳಿ ಸರ್ ಶಾಲು ಹೊದ್ದು ನಗುತ್ತಿರುವ ಫೋಟೋ ಇದೆ. ನಾಳೆ ಬೆಳಗಿನ ಒಲೆಗೆ ಅದರ ಪಾಳಿ. ನಾನಿರುವುದು ಅರವತ್ತೆರಡನೆಯ ಪುಟದಲ್ಲಿ, ಪೊಟ್ಟಣವಾಗುವ ನನ್ನ ಸರದಿ ಅದರ ಆಮೇಲೆ. ನೋಡಿಕೊಂಡೇ ಹೋಗುತ್ತೇನೆ.