ಸುಸನಕ್ಕನ ಹಾವಿನ ಪೆಟ್ಟಿಗೆ

ಜೂನ್ ಕೊನೆಗೆ ಶಾಲೆ ಮುಚ್ಚಿದ್ದೇ ಸುಸನಕ್ಕ ಊರಿಗೆ ಹೊರಟಳು. ಹೊರಡುವಾಗ ಮಗ ಸಾಕಿದ ಹಾವನ್ನು ಪಕ್ಕದ ಫ್ಲಾಟಿನ ಯಶ್ಮಿತಾಳಿಗೆ ಒಪ್ಪಿಸಿದಳು. ದುಬೈಯ ಅಲ್ ಬರ್ಷಾದಲ್ಲಿ ಬೆಕ್ಕು, ಗಿಳಿ ಬಿಟ್ಟುಹೋಗುವವರು ಬೇಕಾದಷ್ಟಿದ್ದಾರೆ. ಹಾವು ಬಿಟ್ಟುಹೋದವಳು ಇವಳೊಬ್ಬಳೇ. ಗಾಜಿನ ಪೆಟ್ಟಿಗೆಯಲ್ಲಿ ಕಿತ್ತಳೆ ಬಣ್ಣದ, ವಿಷವಿಲ್ಲದ ಹಾವು. ಜೊತೆಗೊಂದು ಚೀಟಿ: ದಿನಾ ಹಿಕ್ಕೆ ತೆಗೆದು ನೀರು ಬದಲಿಸಬೇಕು, ಹಾಸಿದ ಕಾಗದ ಒದ್ದೆಯಾಗಲೇಬಾರದು, ವಾರಕ್ಕೊಮ್ಮೆ ವಿನೆಗರ್ ನೀರಿನಲ್ಲಿ ಒರೆಸಬೇಕು.

ಬೇರೆಯವರಾಗಿದ್ದರೆ ಮಾರು ದೂರ ಹಾರುತ್ತಿದ್ದರು. ಯಶ್ಮಿತಾ ಕೈಮುಗಿದಳು. ಮದುವೆಯಾಗಿ ಆರು ವರ್ಷವಾದರೂ ಅವಳ ಮಡಿಲು ತುಂಬಿರಲಿಲ್ಲ. ನಾಗದೋಷವೆಂದು ಜೋಯಿಸರು ಹೇಳಿ, ಆಶ್ಲೇಷಾ ಬಲಿಯೂ ಆಗಿತ್ತು. ಈಗ ನಾಗನೇ ಮನೆ ಹುಡುಕಿಕೊಂಡು ಬಂದ ಮೇಲೆ ಸೇವೆ ಮಾಡದೆ ಇರುವುದುಂಟೇ?

“ಅದು ಅಮೆರಿಕದ ಹಾವು ಮಾರಾಯ್ತಿ. ಅದಕ್ಕೆ ನಮ್ಮ ದೋಷದ ಸುದ್ದಿ ಎಂತ ಗೊತ್ತುಂಟು?” ಎಂದು ಗಂಡ ಲತೇಶ್ ನಕ್ಕ.

ನಗಲಿ ಬಿಡಿ. ಅವಳು ದಿನಾ ಸ್ನಾನ ಮಾಡಿಯೇ ಒಳಕೋಣೆಗೆ ಹೋಗಿ ಪೆಟ್ಟಿಗೆ ಶುದ್ಧ ಮಾಡುತ್ತಿದ್ದಳು. ಮರುತಿಂಗಳು ಮುಟ್ಟು ತಪ್ಪಿತು. ಒಂಬತ್ತು ದಿನ ಕಳೆದಾಗ ಲತೇಶನೂ ನಗುವುದನ್ನು ಬಿಟ್ಟ. ಡಾಕ್ಟರ ಹತ್ತಿರ ಹೋಗುವ ತಾಳ್ಮೆಯೂ ಇಲ್ಲದೆ ಊರಿಗೆ ಫೋನ್ ಮಾಡಿ ತಾಯಿಗೆ ಹೇಳಿಯೇಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

ನಾಗರ ಪಂಚಮಿಯ ಬೆಳಿಗ್ಗೆ, ಊರಲ್ಲಿ ನಾಗನ ಕಲ್ಲಿಗೆ ತನುವೆಂದು ಹಾಲೆರೆಯುವಂತೆ, ಅವಳು ಪೆಟ್ಟಿಗೆಯೊಳಗೆ ಹಾಲು, ಎಳನೀರು, ಅರಸಿನ ಎರೆದಳು. ನೀರಿನ ಬಟ್ಟಲಿಗೂ ಹಾಲನ್ನೇ ತುಂಬಿದಳು. ಚೀಟಿ ನೆನಪಿರಲಿಲ್ಲವೆಂದಲ್ಲ, ಸಂಜೆ ಎಲ್ಲ ಬದಲಿಸಿದರಾಯಿತು ಎಂದುಕೊಂಡಳು. ಮಧ್ಯಾಹ್ನ ಅವಳಿಗೆ ಮುಟ್ಟಾಯಿತು.

ಬಚ್ಚಲಲ್ಲಿ ನಲ್ಲಿ ತಿರುಗಿಸಿ, ಬಾಯಿಗೆ ಟವೆಲ್ ತುರುಕಿಕೊಂಡು ಅತ್ತಳು. ಮುಟ್ಟಾದವಳು ಏಳು ದಿನ ನಾಗನ ಹತ್ತಿರ ಸುಳಿಯಬಾರದು ಎಂಬುದು ಅವಳ ತವರಿನ ಕಟ್ಟು. ಲತೇಶನಿಗೆ ಹೇಳಿದ್ದರೆ ಹೆದರಿಕೊಂಡಾದರೂ ಒರೆಸುತ್ತಿದ್ದ. ಆದರೆ ಒರೆಸಿ ಎನ್ನಬೇಕಾದರೆ ಯಾಕೆಂದೂ ಹೇಳಬೇಕಲ್ಲ! ಅವನ ಮುಖ ನೋಡಿ ಅದನ್ನು ಹೇಳುವ ಧೈರ್ಯ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದು ದಿನಾ ಅಂದುಕೊಂಡಳು. ಅವನು ಆಫೀಸಿನಿಂದ ಬರುವಾಗ ಅವಳಿಗೆಂದು ದಾಳಿಂಬೆ ತರುತ್ತಿದ್ದ. ಅವಳು ಬಿಡಿಸಿಕೊಂಡು ತಿನ್ನುತ್ತಿದ್ದಳು.

ಎಂಟನೆಯ ದಿನ ತಲೆಗೆ ಮಿಂದು ಕೋಣೆಯ ಬಾಗಿಲು ತೆರೆದಳು. ಹುಳಿತ ಹಾಲಿನ ನಾತ ಮೂಗಿಗೆ ಬಡಿಯಿತು. ಪೆಟ್ಟಿಗೆಯೊಳಗಿನ ಬಲ್ಬಿನ ಕಾವಿಗೆ ಕಾಗದ ಕೊಳೆತು ಕಪ್ಪಾಗಿತ್ತು. ಹಾವು ಬಾಯಿ ತೆರೆದು ಬಿದ್ದಿತ್ತು. ಹೊಟ್ಟೆಯ ತುಂಬ ಗುಳ್ಳೆಗಳು. ಮುಟ್ಟಿದರೂ ಅಲುಗಲಿಲ್ಲ.

ಅವಳ ಕೂಗಿಗೆ ಲತೇಶ್ ಓಡಿಬಂದ. “ಇದೆಂತ? ಎಷ್ಟು ದಿನ ಆಯ್ತು ನೀನು ಕ್ಲೀನ್ ಮಾಡದೆ?”

“ಏಳು ದಿನ.”

“ಏಳು ದಿನವಾ? ಎಂತಕ್ಕೆ...” ಎಂದವನು ಅಲ್ಲಿಗೇ ನಿಂತ. ಅವಳ ಒದ್ದೆ ತಲೆಯನ್ನೇ ನೋಡಿದ. ಹಾವಿನ ಕಡೆ ಮತ್ತೆ ತಿರುಗಲಿಲ್ಲ.

“ಪಂಚಮಿಯ ದಿನವೇ ಆದದ್ದು,” ಎಂದಳು ಯಶ್ಮಿತಾ. “ಅತ್ತೆಗೆ ನಾನೇ ಹೇಳ್ತೇನೆ.”

ಲತೇಶ್ ನೆಲದ ಮೇಲೆ ಕುಳಿತುಬಿಟ್ಟ.

“ಇವತ್ತು ಬೇಡ,” ಎಂದ. “ಅಮ್ಮ ನಿನ್ನೆ ಅಟ್ಟದಿಂದ ತೊಟ್ಟಿಲು ಇಳಿಸಿ ತೊಳೆದು ಇಟ್ಟಿದ್ದಾರೆ.”