ಪಾನಕೌರಿಗೆ ಬೆನ್ನು ಹಾಕಿದವನು

ಕೀರ್ತನಖೋಲಾ ಹೊಳೆಯಲ್ಲಿ ಜನರನ್ನು ದಾಟಿಸುವ ಅಂಬಿಗ ತೋರಾಬ್ ಅಲಿಗೆ ಲೋಕದಲ್ಲಿ ಹಡಗೆಂದರೆ ಒಂದೇ, ಪಾನಕೌರಿ. ಬರಿಶಾಲಿಗೆ ಹೋಗುವ ಹೊಸ ಲಾಂಚುಗಳು ನಾಲ್ಕಂತಸ್ತಿನವು, ಮೈತುಂಬ ಬಣ್ಣದ ದೀಪ. ಅವನ ಪಾಲಿಗೆ ಅವೆಲ್ಲ ತೇಲುವ ತಗಡಿನ ಡಬ್ಬ. ಪಾನಕೌರಿ ಅಜ್ಜನ ಕಾಲದ್ದು. ಎರಡೂ ಪಕ್ಕೆಗೆ ಮನೆಯಷ್ಟು ದೊಡ್ಡ ಚಕ್ರ. ನೀರನ್ನು ಮೊಗೆದು ಮೊಗೆದು ಹಿಂದಕ್ಕೆ ಚೆಲ್ಲುತ್ತಾ ಅದು ಗತ್ತಿನಿಂದ ಬರುವುದನ್ನು ನೋಡಬೇಕು! ಬೆಳಗ್ಗೆ ತಿರುವಿನಲ್ಲಿ ಕಂಡರೆ ಸಾಕು, ತೋರಾಬ್ ನಡುಹೊಳೆಯಲ್ಲೇ ಹುಟ್ಟು ಬಿಟ್ಟು ಎದ್ದು ನಿಂತು ಹೆಗಲ ಮೇಲಿನ ಕೆಂಪು ಗಮ್ಚಾ ಬೀಸುತ್ತಿದ್ದ. ಹಡಗು ನಡೆಸುವ ಮೊಖ್ಲೇಸ್ ಸಾರಂಗರು ಒಮ್ಮೆ ಕೊಂಬು ಊದುತ್ತಿದ್ದರು.

"ಬಂದ್ಲು ನೋಡಿ ನನ್ ಸವತಿ," ಎಂದು ಹೆಂಡತಿ ಕೊಹಿನೂರ್ ದೋಣಿಯಲ್ಲಿದ್ದವರನ್ನು ನಗಿಸುತ್ತಿದ್ದಳು. "ನಿಕಾದ ದಿನಾನೂ ಈ ಮನುಷ್ಯ ನನ್ನ ಹಿಂಗೆ ನೋಡ್ಲಿಲ್ಲ."

ಹಡಗು ನಿಲ್ಲುವ ಜೆಟ್ಟಿ ಇಲ್ಲದ ಊರಿನವರು ಕೆಂಪು ಬಟ್ಟೆ ಬೀಸಿದರೆ ಹಡಗು ನಡುಹೊಳೆಯಲ್ಲೇ ನಿಂತು ಹತ್ತಿಸಿಕೊಳ್ಳುವುದು ಅಲ್ಲಿಯ ರೂಢಿ. ಮೊದಲ ಸಲ ತೋರಾಬನಿಗೂ ನಿಂತಿತ್ತು. ಹತ್ತುವವರು ಯಾರೂ ಇಲ್ಲವೆಂದು ತಿಳಿದು ಸಾರಂಗರು ವಾಚಾಮಗೋಚರವಾಗಿ ಬೈದಿದ್ದರು. ಆಮೇಲೆ ಅವನ ಗಮ್ಚಾ ಅವರ ಪಾಲಿಗೆ ಬರೀ ಸಲಾಮು.

ಆ ಬೆಳಗ್ಗೆ ಮಗಳು ಝರ್ನಾ ಹೆರಿಗೆ ನೋವಿನಲ್ಲಿ ದೋಣಿಯೊಳಗೆ ಮಲಗಿದ್ದಳು. ಮಗು ಅಡ್ಡ ತಿರುಗಿದೆ, ಬರಿಶಾಲಿನ ಆಸ್ಪತ್ರೆಯೇ ಗತಿ ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು. ದೋಣಿಯಲ್ಲೇ ಹೋದರೆ ಹೊತ್ತು ಮೀರುತ್ತಿತ್ತು. ಪಾನಕೌರಿ ಕಂಡದ್ದೇ ತೋರಾಬ್ ಗಂಟಲು ಹರಿಯುವಂತೆ ಕೂಗುತ್ತ ಗಮ್ಚಾ ಬೀಸಿದ.

ಹಡಗು ಖುಷಿಯಿಂದ ಕೊಂಬೂದಿತು. ವೇಗ ಚೂರೂ ಇಳಿಯಲಿಲ್ಲ.

"ದಿನಾ ಬೀಸಿ ಬೀಸಿ ಹಾಳ್ಮಾಡಿದ್ರಲ್ಲ!" ಕೊಹಿನೂರ್ ಅತ್ತಳು. "ಈಗ ಯಾರ್ ನಂಬ್ತಾರೆ, ಝರ್ನಾನ ಅಬ್ಬಾ?"

ಇಷ್ಟು ವರ್ಷ ಕಣ್ತುಂಬ ನೋಡಿದ ಹಡಗು ಇಂದು ತನ್ನ ಮಗಳನ್ನೇ ಬಿಟ್ಟು ಹೋಗುತ್ತಿದೆ. ಅದನ್ನು ನೋಡಲಾರದೆ ತೋರಾಬ್ ಗಮ್ಚಾ ಎಸೆದು, ಹಡಗಿಗೆ ಬೆನ್ನು ಮಾಡಿ ಕುಸಿದು ಕೂತ. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ.

ಚಕ್ರಗಳ ಸದ್ದು ನಿಂತಿತು.

"ಏಯ್ ತೋರಾಬ್!" ಮೇಲಿನಿಂದ ಸಾರಂಗರ ಕೂಗು. "ಏನಾಯ್ತೋ? ನಮ್ ಹಡಗಿಗೆ ಬೆನ್ನು ಹಾಕೋನಲ್ವಲ್ಲೋ ನೀನು!"

ಅವನು ಬಾಯಿ ಬಿಡುವ ಮೊದಲೇ ಝರ್ನಾಳ ನರಳಾಟ ಅವರಿಗೆ ಕೇಳಿಸಿತು. ಖಲಾಸಿಗಳು ಇಳಿದು ಅವಳನ್ನು ಎತ್ತಿಕೊಂಡರು, ಗಂಡಹೆಂಡಿರನ್ನೂ ಹತ್ತಿಸಿಕೊಂಡರು, ದೋಣಿಯನ್ನು ಹಡಗಿನ ಹಿಂದಕ್ಕೆ ಕಟ್ಟಿದರು. ಆ ದಿನ ನಡುವೆ ಯಾವ ಊರಿಗೂ ಪಾನಕೌರಿ ನಿಲ್ಲಲಿಲ್ಲ.

ಬರಿಶಾಲಿನಲ್ಲಿ ಮೊಮ್ಮಗಳು ಹುಟ್ಟಿದಳು, ತಾಯಿಯೂ ಉಳಿದಳು. ಸಂಜೆ ಸಿಹಿ ಹಂಚಲು ಜೆಟ್ಟಿಗೆ ಬಂದ ತೋರಾಬನ ಬೆನ್ನು ಚಪ್ಪರಿಸಿ ಸಾರಂಗರು ಹೆಮ್ಮೆಯಿಂದ ಕೇಳಿದರು:

"ಅಂತೂ ಇಷ್ಟು ವರ್ಷಕ್ಕೆ ಒಳಗೆ ಕಾಲಿಟ್ಯಲ್ಲ! ಹೆಂಗಿದೆ ನಮ್ ಪಾನಕೌರಿ?"

ತೋರಾಬ್ ಕಕ್ಕಾಬಿಕ್ಕಿಯಾದ.

"ಯಾ ಅಲ್ಲಾ! ಮಗಳ ಮುಖ ಬಿಟ್ಟು ಏನೂ ನೋಡ್ಲೇ ಇಲ್ಲ ಸಾಹೇಬ್ರೇ."